ಯಾರದ್ದೋ ಮನೆ ಜಗಳ

ಈ ವಾರ ಕ್ರೈಸ್ತ ಐಕ್ಯತೆಯ ಪ್ರಾರ್ಥನೆ, ಜನವರಿ 18ರಿಂದ 25ರವರೆಗೆ. ನಿನ್ನೆ ಬಳ್ಳಾರಿಯಲ್ಲಿ ಕ್ಯಾಥೊಲಿಕ್‌ನವರು, ಸಿಎಸ್‌ಐ ಅಂದರೆ ದಕ್ಷಿಣ ಭಾರತ ಸಭೆಯವರು ಎಲ್ಲ ಒಟ್ಟಿಗೆ ಕೂತಿದ್ದೆವು. ತೆಲುಗು ಹಾಡು ಶುರುವಾಗುತ್ತಿದ್ದ ಹಾಗೆ ಪಕ್ಕದ ಆಂಟಿ ಮೊಬೈಲ್ ತೆಗೆದರು. ನೋಡಿದರೆ, ಹಾಡಿನ ಸಾಲುಗಳನ್ನೆಲ್ಲ ಕನ್ನಡ ಅಕ್ಷರದಲ್ಲಿ ಬರೆದಿಟ್ಟುಕೊಂಡಿದ್ದಾರೆ! ರಾಗವನ್ನೂ ನನಗಿಂತ ಚೆನ್ನಾಗಿ ಹಿಡಿದರು ಬಿಡಿ.

ಸುಮ್ನೆ ಒಂದು ಯೋಚನೆ ಬಂತು. ಆಂಗ್ಲಿಕನ್, ಪ್ರೆಸ್ಬಿಟೇರಿಯನ್, ಮೆಥಡಿಸ್ಟ್ ಅಂತ ಬೇರೆ ಬೇರೆ ಪ್ರೊಟೆಸ್ಟೆಂಟ್ ಪಂಗಡಗಳಾಗಿದ್ದು ಇಂಗ್ಲೆಂಡ್, ಸ್ಕಾಟ್ಲೆಂಡ್ ಕಡೆಯವರು. ಮಿಷನರಿಗಳ ಜೊತೆ ಆ ಭೇದಗಳೂ ಹಡಗು ಹತ್ತಿ ಬಂದವು. ನಮ್ಮ ಬಳ್ಳಾರಿಗೆ ಲಂಡನ್ ಮಿಷನ್ ಬಂದಿದ್ದು 1810ರಲ್ಲಿ. ಯಾರದ್ದೋ ಮನೆ ಜಗಳ ನಮಗ್ಯಾಕೆ ಅಂತ ಇಲ್ಲಿನವರಿಗೂ ಅನ್ನಿಸಿರಬೇಕು. 1919ರಲ್ಲಿ ತಮಿಳುನಾಡಿನ ತರಂಗಂಬಾಡಿಯಲ್ಲಿ ಕೂತು ಒಂದಾಗುವ ಮಾತು ಶುರು ಮಾಡಿದರು. ಬಿಷಪ್ ಬೇಕು ಅನ್ನುವವರು, ಬೇಡ ಅನ್ನುವವರು ಒಂದಾಗುವುದು ಸುಲಭವಾ? ಕೊನೆಗೆ 1947ರ ಸೆಪ್ಟೆಂಬರ್ 27ರಂದು, ಸ್ವಾತಂತ್ರ್ಯ ಬಂದ ಆರು ವಾರಕ್ಕೆ, ಮದರಾಸಿನಲ್ಲಿ ಸಿಎಸ್‌ಐ ಹುಟ್ಟಿತು. ಅಮೆರಿಕದ ಮೂಲದ ಮೆಥಡಿಸ್ಟರು ಮಾತ್ರ ಹೊರಗೇ ಉಳಿದರು.

ಇಷ್ಟೆಲ್ಲ ಆದಮೇಲೂ, ಮಗಳಿಗೆ ಸಂಬಂಧ ನೋಡುವಾಗ ‘ಕ್ರೈಸ್ತರಾಗೋಕೆ ಮೊದಲು ಯಾವ ಜಾತಿ’ ಅಂತ ಮೆಲ್ಲಗೆ ಕೇಳುವವರು ನಮ್ಮಲ್ಲಿ ಜಾಸ್ತಿನೇ ಇದ್ದಾರೆ, ಅಲ್ವಾ? ಇದನ್ನಂತೂ ಯಾವ ಮಿಷನರಿಯೂ ಹಡಗಿನಲ್ಲಿ ತಂದಿಲ್ಲ.