ಇವತ್ತು ಬೆಳಿಗ್ಗೆಯೂ ಬಾಟಲಿ ಕಪ್ಪಾಗಿರಲಿಲ್ಲ

48 ಗಂಟೆ ಕಳೆಯಿತು. ಹಳೆ ಶಾಲಿನಲ್ಲಿ ಸುತ್ತಿ ಬೆಚ್ಚಗೆ ಇಟ್ಟಿದ್ದ ಎಚ್2ಎಸ್ ಬಾಟಲಿಯನ್ನು ತೆಗೆದು ಕಿಟಕಿಯ ಬೆಳಕಿಗೆ ಹಿಡಿದೆ. ಕುಡಿಯುವ ನೀರು ಪರೀಕ್ಷಿಸುವ ಬಾಟಲಿ ಇದು, ನೀರಿಗೆ ಮಲದ ಕಲ್ಮಶ ಸೇರಿದ್ದರೆ ಕಪ್ಪಾಗುತ್ತದೆ. ತಿಳಿ ಕಂದು. ನೀರು ಹಾಕಿದ ದಿನ ಹೇಗಿತ್ತೋ ಹಾಗೆಯೇ ಇದೆ. ಆಗಸ್ಟ್‌ನಿಂದ ಇಲ್ಲಿಯವರೆಗೆ ಇದೇ ಬಾವಿಯ ಆರು ಬಾಟಲಿ ಕಪ್ಪಾಗಿದ್ದವು, ಎರಡಂತೂ ಒಂದೇ ರಾತ್ರಿಯಲ್ಲಿ ಮಸಿಯ ಹಾಗೆ. ಇದನ್ನು ಬಳಸಿದವರಿಗೆ ನನ್ನ ಖುಷಿ ಎಷ್ಟೆಂದು ಬೇರೆ ಹೇಳಬೇಕಾಗಿಲ್ಲ. ದೊಡ್ಡಮ್ಮನ ಮನೆಯವರು ಒಬ್ಬೊಬ್ಬರಾಗಿ ಬಂದು ನೋಡಿ ಹೋದರು, ತೊಟ್ಟಿಲ ಮಗುವನ್ನು ನೋಡಲು ಬಂದವರ ಹಾಗೆ.

ಬಾವಿ ದೊಡ್ಡಮ್ಮನದು. ಬೆಳ್ತಂಗಡಿ ತಾಲೂಕು, ಘಟ್ಟದ ಬುಡ, ಹೊಳೆಯಿಂದ ಕೂಗಳತೆ ದೂರ. 2019ರ ಆಗಸ್ಟ್ 9ರಂದು ಮೇಲೆ ಗುಡ್ಡ ಜರಿದು ಚಾರ್ಮಾಡಿ, ನೆರಿಯ, ದಿಡುಪೆ, ಕುಕ್ಕಾವು, ಮಿತ್ತಬಾಗಿಲು ಕಡೆಯ ಹೊಳೆ ತೋಡುಗಳೆಲ್ಲ ಮರ ಬಂಡೆ ಹೊತ್ತುಕೊಂಡು ಒಮ್ಮೆಲೇ ಇಳಿದವಲ್ಲ, ಆ ದಿನ ಇವರ ಅಂಗಳಕ್ಕೂ ಬಂತು. ನೀರು ಸಂಜೆಯೊಳಗೆ ಇಳಿಯಿತು. ಹೊಯಿಗೆ (ಮರಳು) ಇಳಿಯಲಿಲ್ಲ. ತೋಟದಲ್ಲಿ ಅಡಿಕೆ ಮರದ ಬುಡಕ್ಕೆ ಎರಡಡಿ, ಕೆಲವು ಕಡೆ ಮೂರಡಿ. ಬೇರಿಗೆ ಗಾಳಿ ಸಿಕ್ಕದೆ ಮರ ಹಳದಿಯಾಗುತ್ತದೆ ಅಂತ ಎಲ್ಲರಿಗೂ ಗೊತ್ತು, ಆದರೆ ಸಾವಿರ ಮರದ ಬುಡ ಬಿಡಿಸುವುದು ಅಂದರೆ ಸುಮ್ನೆ ಮಾತಲ್ಲ.

ಮೊದಲ ಎರಡು ಮೂರು ವಾರ ಊರು ಹೇಗೆ ನಡೆಯಿತು ಅಂದರೆ, ಜನರಿಂದ ನಡೆಯಿತು. ಗುರುತು ಪರಿಚಯ ಇಲ್ಲದ ಹುಡುಗರು ಭಾನುವಾರ ಬೆಳಿಗ್ಗೆ ಹಾರೆ, ಬುಟ್ಟಿ, ಬಾಂಡ್ಲಿ ಹಿಡಿದು ಬಂದು ಅಡುಗೆಮನೆಯ ಕೆಸರು ಎಳೆದು ಹಾಕಿದರು. ಅಕ್ಕಿ ಬಂತು, ಚಾಪೆ ಬಂತು, ಮಕ್ಕಳ ಪುಸ್ತಕ ಬಂತು. ಕಾಲುಸಂಕ ಹೋದ ಕಡೆ ಅಡಿಕೆ ಮರ ಕಡಿದು ಮೂರೇ ದಿನದಲ್ಲಿ ಹೊಸ ಸಂಕ ಹಾಕಿದರು. ಬಾವಿ ಮಾತ್ರ ಎಲ್ಲ ಕಡೆ ಕೊನೆಗೆ ಉಳಿಯಿತು. ನಮ್ಮಲ್ಲಿ ಬಾವಿ ಕೆಲಸ ಅಂದರೆ ಏಪ್ರಿಲ್ ಮೇ, ನೀರು ತಳಕ್ಕೆ ಹೋದಾಗ. ಆಗಸ್ಟ್‌ನಲ್ಲಿ ತುಂಬಿದ ಬಾವಿಗೆ ಯಾರು ಇಳಿಯುತ್ತಾರೆ? ಗುಡ್ಡದಿಂದ ಬರುತ್ತಿದ್ದ ನೀರಿನ ಪೈಪೂ ಕೊಚ್ಚಿಹೋಗಿತ್ತು. ಹಾಗಾಗಿ ಮೇಲಿನ ಮನೆಯಿಂದ ಕೊಡಪಾನದಲ್ಲಿ ಹೊತ್ತು ತರುವುದು. ದೊಡ್ಡಮ್ಮನಿಗೆ 70 ದಾಟಿದೆ. "ಕಾಣ್ಲಿಕ್ಕೆ ನೀರು ಎಷ್ಟು ಚಂದ ಉಂಟು, ಕುಡೀಲಿಕ್ಕೆ ಆಗುದಿಲ್ಲ ಅಂದ್ರೆ ಎಂತ ಮಾಡುದು ಮಗಾ?" ಅಂತ ಕಟ್ಟೆ ಮೇಲೆ ಕೈ ಇಟ್ಟು ಕೇಳಿದರು. ಆ ದಿನ ಈ ಕೆಲಸ ಶುರುವಾಯಿತು.

ಮೊದಲು ಬ್ಲೀಚಿಂಗ್ ಪುಡಿ. ಲೆಕ್ಕ ಇಷ್ಟೇ, ಒಳ್ಳೆ ಪುಡಿಯಾದರೆ 1000 ಲೀಟರಿಗೆ 2.5 ಗ್ರಾಂ. 8 ಅಡಿ ಅಗಲದ ಬಾವಿ, 18 ಅಡಿಗಿಂತ ಸ್ವಲ್ಪ ಜಾಸ್ತಿ ನೀರು, ಹೆಚ್ಚುಕಡಿಮೆ 26,000 ಲೀಟರ್. 65 ಗ್ರಾಂ ಸಾಕು. ನಾನು ಎರಡು ಪಟ್ಟು ಹಾಕಿದೆ. ಒಂದು ಗಂಟೆ ಬಿಟ್ಟು ಓಟಿ ದ್ರಾವಣ (ನೀರಲ್ಲಿ ಕ್ಲೋರಿನ್ ಉಳಿದಿದ್ದರೆ ಹಳದಿಯಾಗುವ ಪರೀಕ್ಷೆಯ ದ್ರಾವಣ) ಬಿಟ್ಟರೆ ಹಳದಿಯೇ ಇಲ್ಲ. ನಾಲ್ಕು ಪಟ್ಟು ಹಾಕಿದೆ. ಸಂಜೆ ಚೂರು ಹಳದಿ, ಬೆಳಿಗ್ಗೆ ಮತ್ತೆ ಸೊನ್ನೆ. ಪುಡಿಯ ಮೇಲೆ ಸಂಶಯ ಬಂತು. ಅಂಗಡಿಯವರು ಬಾಯಿ ತೆರೆದ ಮೂಟೆಯಿಂದ ತೂಗಿ ಕೊಟ್ಟಿದ್ದರು, ಮಳೆಗಾಲದ ತೇವದಲ್ಲಿ ಆ ಮೂಟೆ ಎಷ್ಟು ದಿನದಿಂದ ಕೂತಿತ್ತೋ. ಹೊಸ ಪುಡಿಯಲ್ಲಿ 33 ಶೇಕಡಾ ಕ್ಲೋರಿನ್ ಇರಬೇಕು. ಗಾಳಿ ತೇವ ತಾಗಿದರೆ ಬರೀ ಸುಣ್ಣವೇ ಉಳಿಯುವುದು. ದುಡ್ಡು ಮಾತ್ರ ಹೊಸ ಪುಡಿಯದ್ದೇ! ಸೀಲ್ ಮಾಡಿದ ಡಬ್ಬ ತರಿಸಿ ಹಾಕಿದೆ. ಸ್ವಲ್ಪ ಸುಧಾರಿಸಿತು, ಆದರೆ ಬೆಳಿಗ್ಗೆಗೆ ಅದೇ ಕಥೆ.

ಕಳ್ಳ ಇದ್ದದ್ದು ತಳದಲ್ಲಿ. ಹಗ್ಗಕ್ಕೆ ಕಲ್ಲು ಕಟ್ಟಿ ಇಳಿಸಿದರೆ 28 ಅಡಿಯ ಬಾವಿಯಲ್ಲಿ ಇಪ್ಪತ್ತನಾಲ್ಕೂವರೆಗೇ ಮೆತ್ತಗೆ ಕೂತಿತು. ಮೂರೂವರೆ ಅಡಿ ಹೊಯಿಗೆ, ಕೆಸರು, ಅದರೊಳಗೆ ಕೊಳೆಯುತ್ತಿರುವ ಸೋಗೆ, ಹಾಳೆ, ಎಲೆ. ನಾನು ಹಾಕಿದ ಕ್ಲೋರಿನ್ ಅನ್ನೆಲ್ಲ ಆ ಗಸಿ ನುಂಗುತ್ತಿತ್ತು. ಅದು ಅಲ್ಲಿರುವವರೆಗೆ ಎಷ್ಟು ಪುಡಿ ಸುರಿದರೂ ವ್ಯರ್ಥ.

ತೆಗೆಯುವುದು ಹೇಗೆ? ಒಬ್ಬರನ್ನು ಇಳಿಸುವುದು ಬೇಡವೇ ಬೇಡ ಅಂತ ಮೊದಲ ದಿನವೇ ನಿರ್ಧಾರ ಮಾಡಿದ್ದೆವು. ಎಲೆ ಕೊಳೆತ ಬಾವಿಯಲ್ಲಿ ಉಸಿರಿಗೆ ಗಾಳಿ ಇರುವುದಿಲ್ಲ. ನೀರು ಪೂರ್ತಿ ಖಾಲಿ ಮಾಡುವುದೂ ಅಪಾಯ. ಸುತ್ತಲಿನ ಮಣ್ಣು ನೀರು ಕುಡಿದು ಭಾರವಾಗಿದೆ, ಒಳಗಿನ ನೀರು ಬೇಗ ತೆಗೆದರೆ ಮುರಕಲ್ಲಿನ ಗೋಡೆಯನ್ನು ಹೊರಗಿನ ಒತ್ತಡ ಒಳಕ್ಕೆ ತಳ್ಳುತ್ತದೆ. ಪೇಟೆಯಿಂದ ಕೆಸರು ಪಂಪ್ ಬಾಡಿಗೆಗೆ ತಂದೆವು. "ಕಲ್ಲು ಬಿಟ್ಟು ಎಲ್ಲ ಎಳೆಯುತ್ತದೆ" ಅಂದಿದ್ದರು. ಅಡಿಕೆ ಸೋಗೆಯ ನಾರು ಪಂಪಿನೊಳಗೆ ತಿರುಗುವ ಚಕ್ರಕ್ಕೆ ಸುತ್ತಿಕೊಂಡು 20 ನಿಮಿಷದಲ್ಲಿ ನಿಂತಿತು. ಬಾಡಿಗೆ ಇಡೀ ದಿನದ್ದು ಕೊಡಬೇಕಾಯಿತು. ಆ ಕೋಪ ನನಗಿನ್ನೂ ಇಳಿದಿಲ್ಲ.

ಉಳಿದದ್ದು ಗಾಳಿ ಪೈಪು, ಅಂದರೆ ಏರ್‌ಲಿಫ್ಟ್. ತಿರುಗುವ ಭಾಗವೇ ಇಲ್ಲ, ಸಿಕ್ಕಿಹಾಕಿಕೊಳ್ಳಲು ಏನೂ ಇಲ್ಲ. ಪೈಪಿನ ಬುಡದಲ್ಲಿ ಗಾಳಿ ಬಿಟ್ಟರೆ ಒಳಗಿನ ನೀರು ಹಗುರವಾಗಿ ಮೇಲೆ ಬರುತ್ತದೆ, ಕೆಳಗಿನದನ್ನು ಎಳೆದುಕೊಂಡು ಬರುತ್ತದೆ. ಪೈಪಿನ ಹೆಚ್ಚು ಪಾಲು ನೀರೊಳಗೆ ಮುಳುಗಿರಬೇಕು ಅನ್ನುವುದೊಂದೇ ಷರತ್ತು. ಬೇಸಿಗೆಯಲ್ಲಿ ಈ ಬಾವಿಗೆ ಅದು ನಡೆಯುತ್ತಿರಲಿಲ್ಲ. ಈಗ ನೆಲದಿಂದ ಆರಡಿಗೇ ನೀರು, ಕಟ್ಟೆ ಮೂರಡಿ. ಇಪ್ಪತ್ತೇಳೂವರೆ ಅಡಿ ಪೈಪಿನಲ್ಲಿ ಹದಿನೆಂಟೂವರೆ ಅಡಿ ನೀರೊಳಗೆ. ಮೂರರಲ್ಲಿ ಎರಡು ಪಾಲು! ಬಾವಿ ತುಂಬಿದೆ ಅಂತ ಎಲ್ಲರೂ ತಲೆಮೇಲೆ ಕೈ ಹೊತ್ತಿದ್ದರು, ನನ್ನ ಪೈಪಿಗೆ ಬೇಕಾದದ್ದು ಅದೇ.

ಪಂಕ್ಚರ್ ಅಂಗಡಿಯ ಅಣ್ಣ 2 ಎಚ್‌ಪಿ ಕಂಪ್ರೆಸರ್ ಅನ್ನು ಜೀಪಿನಲ್ಲಿ ಹಾಕಿ ತಂದುಕೊಟ್ಟರು, ಒಂದು ರೂಪಾಯಿ ಬಾಡಿಗೆ ತೆಗೆದುಕೊಳ್ಳಲಿಲ್ಲ. ನಾಲ್ಕು ಇಂಚಿನ ಪಿವಿಸಿ ಇಳಿಸಿದೆವು. ಗಾಳಿ ಬಿಟ್ಟೆವು. ನೀರು ಉಕ್ಕಿ ಬಂತು, ಮಕ್ಕಳು ಕುಣಿದರು. ಆದರೆ ಬಂದದ್ದು ತಿಳಿ ನೀರು. ಬರೀ ತಿಳಿ ನೀರು.

ಇಲ್ಲಿಂದ 11 ದಿನ ತಲೆ ಕೆಟ್ಟುಹೋಯಿತು. ಪೈಪನ್ನು ಹೊಯಿಗೆಗೆ ಊರಿದರೆ ಗಕ್ಕನೆ ಕಟ್ಟಿಕೊಂಡು ಎಲ್ಲ ನಿಲ್ಲುತ್ತದೆ. ಎತ್ತಿದರೆ ತಿಳಿ ನೀರು. ಮಧ್ಯದಲ್ಲಿ ಹಿಡಿಯಲು ಹೋದರೆ ಅರ್ಧ ನಿಮಿಷ ಕೆಂಪಗೆ ಬಂದು, ಕಂಪ್ರೆಸರ್ ಟ್ಯಾಂಕಿನ ಗಾಳಿ ಮುಗಿದು, ಮತ್ತೆ ಕಟ್ಟಿಕೊಳ್ಳುತ್ತದೆ. ಕಟ್ಟಿಕೊಂಡ ಪೈಪನ್ನು ಮೇಲೆತ್ತಿ ಬಡಿದರೆ ಬುಡದಲ್ಲಿ ಎರಡಡಿ ಉದ್ದದ ಹೊಯಿಗೆಯ ಗಟ್ಟಿ ಕಂಬ, ಪುಟ್ಟಿನ ಕೊಳವೆಯಿಂದ ಬೀಳುವ ಹಾಗೆ ಬೀಳುತ್ತಿತ್ತು. ಒತ್ತಡ ಸಾಲದು ಅಂತ ಎಲ್ಲರೂ ಅಂದರು. ಅಲ್ಲ. ಹದಿನೆಂಟೂವರೆ ಅಡಿ ನೀರಿಗೆ 8 ಪಿಎಸ್‌ಐ ಇದ್ದರೆ ಗಾಳಿ ಹೊರಗೆ ಬರುತ್ತದೆ, ಲಾರಿ ಟಯರ್ ತುಂಬುವ ಕಂಪ್ರೆಸರಿಗೆ ಅದು ಲೆಕ್ಕವೇ ಅಲ್ಲ. ಬೇಕಾದದ್ದು ಗಾಳಿಯ ಪ್ರಮಾಣ.

ಕೊನೆಗೆ ನೀಲಿ ಡ್ರಮ್ಮಿನಲ್ಲಿ ಬುಡಕ್ಕೆ ಹೊಯಿಗೆ ಹಾಕಿ ನೀರು ತುಂಬಿಸಿ, ಒಳಗೆ ಕಾಣುವ ಹೋಸಿನ ತುಂಡು ಇಳಿಸಿ ರಾತ್ರಿ ಟಾರ್ಚ್ ಬಿಟ್ಟು ನೋಡಿದೆ. ಆಗ ಕಂಡಿತು. ಗುಳ್ಳೆಗಳು ನಡುವಿನಲ್ಲಿ ಹತ್ತುತ್ತಿವೆ, ಹೊಯಿಗೆಯ ಕಣಗಳು ಅರ್ಧ ದಾರಿ ಹತ್ತಿ, ಹೋಸಿನ ಗೋಡೆ ಹಿಡಿದು ಮೆಲ್ಲಗೆ ವಾಪಸ್ ಜಾರುತ್ತಿವೆ. ಹತ್ತುವ ನೀರಿನ ವೇಗ ಕಣ ಬೀಳುವ ವೇಗಕ್ಕೆ ಸಾಲುತ್ತಿಲ್ಲ. ಗಾಳಿ ನಿಲ್ಲಿಸಿದ ಕೂಡಲೇ ದಾರಿಯಲ್ಲಿದ್ದದ್ದೆಲ್ಲ ಒಟ್ಟಿಗೆ ಬುಡಕ್ಕೆ ಬಿದ್ದು ಬೆಣೆ ಹೊಡೆದ ಹಾಗೆ ಕೂರುತ್ತದೆ. ನಾಲ್ಕು ಇಂಚಿನ ಪೈಪೇ ತಪ್ಪು. ಅಷ್ಟೇ ಗಾಳಿಗೆ ಪೈಪು ಸಣ್ಣದಾದರೆ ನೀರು ಜೋರಾಗಿ ಓಡುತ್ತದೆ.

ಎರಡು ಇಂಚು, ಅಂದರೆ 63 ಮಿ.ಮೀ. ಪೈಪು. ಪೇಟೆಯ ಅಂಗಡಿಯಿಂದ ತರಿಸಿದರೆ ತೆಳು ಪೈಪು ಬಂತು, ಕೈಯಲ್ಲಿ ಹಿಚುಕಿದರೆ ಮೊಟ್ಟೆಯಾಕಾರ ಆಗುವಂಥದ್ದು. ವಾಪಸ್ ಕಳಿಸಿ ದಪ್ಪದ್ದು ತರಿಸಲು ಮೂರು ದಿನ ಹೋಯಿತು. ಗಾಳಿಯ ಹೋಸನ್ನು ಈ ಸಲ ಸುಮ್ನೆ ಒಳಗೆ ತುರುಕಲಿಲ್ಲ. ಬಾಯಿಯಿಂದ ಒಂದಡಿ ಮೇಲೆ ಸುತ್ತಲೂ 3 ಮಿ.ಮೀ. ತೂತು 24, ಅದರ ಮೇಲೆ 90 ಮಿ.ಮೀ. ಪೈಪಿನ ಅಂಗಿ, ಎರಡು ತುದಿಯನ್ನು ಬೆಂಕಿಗೆ ಹಿಡಿದು ಮೆತ್ತಗೆ ಮಾಡಿ ಒತ್ತಿ ಅಂಟು ಹಾಕಿದ್ದು. ಗುಳ್ಳೆ ಸಣ್ಣದಾಗಿ ಸುತ್ತಲಿಂದ ಬರುತ್ತದೆ. ಇದು ಅರ್ಧ ಉತ್ತರ.

ಇನ್ನರ್ಧ ನಾಲ್ಕೇ ನಾಲ್ಕು ತೂತು. ಬಾಯಿಯಿಂದ ಎಂಟು ಇಂಚು ಮೇಲೆ, ಗಾಳಿಯ ಅಂಗಿಯ ಕೆಳಗೆ, 10 ಮಿ.ಮೀ.ಯವು. ಎಳನೀರಿನ ತಿರುಳಿಗೆ ಸ್ಟ್ರಾ ಊರಿದರೆ ಏನಾಗುತ್ತದೆ, ಎಷ್ಟು ಎಳೆದರೂ ಬರುವುದಿಲ್ಲ ಅಲ್ವಾ? ಪಕ್ಕದಲ್ಲಿ ಒಂದು ತೂತಿದ್ದರೆ ಅಲ್ಲಿಂದಾದರೂ ಬರುತ್ತದೆ. ಹಾಗೆಯೇ ಬಾಯಿ ಹೊಯಿಗೆಯಲ್ಲಿ ಹೂತರೂ ಈ ತೂತಿನಿಂದ ನೀರು ನುಗ್ಗುತ್ತಲೇ ಇರುತ್ತದೆ, ಹರಿವು ನಿಲ್ಲುವುದಿಲ್ಲ, ಆ ಹರಿವೇ ಹೂತ ಹೊಯಿಗೆಯನ್ನು ಚೂರು ಚೂರು ಕಿತ್ತು ಒಯ್ಯುತ್ತದೆ. ಮತ್ತೆ ಒಂದು ಶಿಸ್ತು: ಗಾಳಿ ನಿಲ್ಲಿಸುವ ಮೊದಲು ಪೈಪನ್ನು ಎರಡಡಿ ಎತ್ತಿ, ತಿಳಿ ನೀರು ಬರುವವರೆಗೆ ಕಾದು, ಆಮೇಲೆ ವಾಲ್ವ್ ಮುಚ್ಚುವುದು. ಪೈಪಿನೊಳಗೆ ಒಂದು ಹಿಡಿ ಹೊಯಿಗೆಯೂ ಉಳಿಯಬಾರದು.

ಹನ್ನೆರಡನೇ ದಿನ ಮಧ್ಯಾಹ್ನ ಗಾಳಿ ಬಿಟ್ಟಾಗ ಮೊದಲು ಕೆಮ್ಮಿತು. ಆಮೇಲೆ ಚಾ ಬಣ್ಣದ ನೀರು. ಆಮೇಲೆ ಪೈಪಿನ ತುದಿಗೆ ಕಟ್ಟಿದ್ದ ಗೋಣಿಯಲ್ಲಿ ಸರಸರ ಸದ್ದು, ಅಕ್ಕಿ ಸುರಿದ ಹಾಗೆ. ದೊಡ್ಡಮ್ಮ ಕೈಯೊಡ್ಡಿ ಹಿಡಿದು ನೋಡಿದರು. ಕಪ್ಪು ಹೊಯಿಗೆ, ಕೊಳೆತ ವಾಸನೆ. "ಅಬ್ಬ, ಇದನ್ನಾ ನಾವು ಕುಡೀಬೇಕಿದ್ದದ್ದು" ಅಂದರು.

ಮುಂದಿನದು ಬರೀ ತಾಳ್ಮೆಯ ಕೆಲಸ. ಬಾವಿಯ ನೀರು ಮೂರಡಿಗಿಂತ ಹೆಚ್ಚು ಇಳಿಯದ ಹಾಗೆ ಓಡಿಸುವುದು, ನಿಲ್ಲಿಸುವುದು, ಒರತೆ ತುಂಬಲು ಬಿಡುವುದು. ಸಂಜೆ ವೋಲ್ಟೇಜ್ ಬಿದ್ದರೆ ಮೋಟಾರ್ ಎದ್ದೇಳುವುದಿಲ್ಲ, ಹಾಗಾಗಿ ಬೆಳಿಗ್ಗೆ ಮಾತ್ರ. ಕಂಪ್ರೆಸರಿನ ಎಣ್ಣೆ ನೀರಿಗೆ ಹೋಗದ ಹಾಗೆ ಗಾಳಿಯ ದಾರಿಯಲ್ಲಿ ಫಿಲ್ಟರ್ ಹಾಕಿ, ದಿನಾ ಬಿಚ್ಚಿ ನೋಡಿ. ಇದನ್ನು ಮರೆಯಬೇಡಿ. ಒಂಬತ್ತು ದಿನದಲ್ಲಿ ಸುಮಾರು 175 ಘನ ಅಡಿ ಮೇಲೆ ಬಂತು.

ಸೋಗೆ, ಕಡ್ಡಿಗೆ ಮಾತ್ರ ಪೈಪು ಆಗುವುದಿಲ್ಲ. ಅದಕ್ಕೆ ಪಾತಾಳ ಗರಡಿ. ನೆರೆಮನೆಯ ಅಟ್ಟದಲ್ಲಿ ತುಕ್ಕು ಹಿಡಿದು ಕೂತಿದ್ದ ಗರಡಿ, ಎಷ್ಟೋ ಕೊಕ್ಕೆ, ಪ್ರತಿಯೊಂದಕ್ಕೂ ಮರಿ ಕೊಕ್ಕೆ. ಹಗ್ಗ ಕಟ್ಟಿ ಇಳಿಸಿ ಸುತ್ತ ಆಡಿಸಿದರೆ ಸೋಗೆ, ತೆಂಗಿನ ಮಡಲು, ಒಂದು ಬದಿಯ ಚಪ್ಪಲಿ, ಶಾಲೆಯ ಜ್ಯಾಮಿಟ್ರಿ ಬಾಕ್ಸ್. ಏಳನೇ ಸಲ ಭಾರವಾಗಿ ಎದ್ದದ್ದು ಒಂದು ತಾಮ್ರದ ಕೊಡಪಾನ. ನೆರೆಯಲ್ಲಿ ಬಂದದ್ದಲ್ಲ, ಮನೆಯದ್ದೇ, ವರ್ಷಗಳ ಹಿಂದೆ ಬಿದ್ದದ್ದು. ಬೀಳಿಸಿದ್ದು ದೊಡ್ಡಮ್ಮನೋ ದೊಡ್ಡಪ್ಪನೋ ಅನ್ನುವ ಜಗಳ ಆ ಮನೆಯಲ್ಲಿ ಇನ್ನೂ ಮುಗಿದಿರಲಿಲ್ಲ. ಕುತ್ತಿಗೆಯಲ್ಲಿ ದೊಡ್ಡಪ್ಪ ಹಾಕುವ ಗಂಟು ಇರುವ ಹಗ್ಗದ ತುಂಡು ಇತ್ತು. ಎಲ್ಲರೂ ನಕ್ಕರು, ದೊಡ್ಡಪ್ಪನೂ. ನೆರೆ ಬಂದ ಮೇಲೆ ಆ ಅಂಗಳದಲ್ಲಿ ನಾನು ಕೇಳಿದ ಮೊದಲ ನಗು ಅದು.

ತಳ ಖಾಲಿಯಾದ ಮೇಲೆ ಹೊಸ ಪುಡಿ ಹಾಕಿದೆ. ಮಾರನೇ ಬೆಳಿಗ್ಗೆ ಓಟಿ ದ್ರಾವಣಕ್ಕೆ ನಿಚ್ಚಳ ಹಳದಿ. ಕ್ಲೋರಿನ್ ವಾಸನೆ ಪೂರ್ತಿ ಹೋಗುವವರೆಗೆ ನೀರು ಸೇದಿ ಚೆಲ್ಲಿ, ಆಮೇಲೆ ಬಾಟಲಿಗೆ ಹಾಕಿದೆ. ಉಳಿದದ್ದು ಮೇಲೆ ಬರೆದಿದ್ದೇನೆ. ಆದರೂ ಈ ಮಳೆಗಾಲ ಮುಗಿಯುವವರೆಗೆ ಕುದಿಸಿಯೇ ಕುಡಿಯಿರಿ ಅಂತ ಹೇಳಿ ಬಂದೆ. ಕೆಸರಿಗೆ ಬರಿಗಾಲಲ್ಲಿ ಇಳಿಯಬೇಡಿ ಅಂತಲೂ, ಇಲಿಜ್ವರದ ಹೆದರಿಕೆ ಇದ್ದೇ ಇದೆ.

ಈ ನಡುವೆ ತಲೆಗೆ ಇನ್ನೊಂದು ಹೊಕ್ಕಿದೆ. ನೆರೆ ಬಂದ ದಿನ ನಮ್ಮ ಅಂಗಳದಲ್ಲಿ ಬಿದ್ದ ಮಳೆ ನೋಡಿದರೆ ಅಷ್ಟು ನೀರು ಬರುತ್ತದೆ ಅಂತ ಯಾರಿಗೂ ಅನಿಸುತ್ತಿರಲಿಲ್ಲ. ಬಿದ್ದದ್ದು ಮೇಲೆ, ಘಟ್ಟದಲ್ಲಿ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಪಂಚಾಯಿತಿಗಳಲ್ಲಿವೆ, ಒಳ್ಳೆ ಕೆಲಸ. ನನಗೆ ಮಳೆಮಾಪಕ ಬೇಕಾದದ್ದು ಇನ್ನೂ ಮೇಲಿನ ಕೊನೆಯ ಮನೆಯ ಮಾಡಿನ ಮೇಲೆ. ಮಳೆ ನೀರು ತುಂಬಿದಾಗೆಲ್ಲ ಮಗುಚುವ ಟಿಪ್ಪಿಂಗ್ ಬಕೆಟ್, ಮಗುಚಿದ್ದನ್ನು ಎಣಿಸಲು ರೀಡ್ ಸ್ವಿಚ್, ಸುದ್ದಿ ದೂರಕ್ಕೆ ಕಳಿಸಲು 865 ಮೆಗಾಹರ್ಟ್ಸ್ ಲೋರಾ ರೇಡಿಯೋ, ಕೆಳಗೆ ಮೂರು ಮನೆಯಲ್ಲಿ ಎಚ್ಚರಿಕೆಯ ಗಂಟೆ. ಬಕೆಟಿಗೆ ಪಿವಿಸಿ ಸೀಳಿ ನೋಡುತ್ತಿದ್ದೇನೆ, ಮೊಬೈಲ್ ಸಿಗ್ನಲ್ ಇಲ್ಲದೆಯೂ ನಡೆಯಬೇಕು. ಅದರ ಬಗ್ಗೆ ಬೇರೆಯಾಗಿ ಬರೆಯುತ್ತೇನೆ, ಮುಂದಿನ ಮಳೆಗಾಲದೊಳಗೆ ಆಗಲೇಬೇಕು.

ಅದಕ್ಕೆ ಮೊದಲು ಬಾವಿ. ಇದೇ ಸಾಲಿನಲ್ಲಿ ಇನ್ನೂ ನಾಲ್ಕು ಇವೆ. ಮಳೆ ಕಡಿಮೆಯಾದಂತೆ ನೀರು ಇಳಿಯುತ್ತಿದೆ, ಪೈಪಿನ ಅರ್ಧಕ್ಕಿಂತ ಕೆಳಗೆ ಹೋದರೆ ಗಾಳಿ ಪೈಪು ಸರಿಯಾಗಿ ಎತ್ತುವುದಿಲ್ಲ. ನಿನ್ನೆ ಅಳೆದಾಗ ಮುಂದಿನ ಬಾವಿಯಲ್ಲಿ ನೆಲದಿಂದ ಎಂಟಡಿ. ಕಂಪ್ರೆಸರ್ ಜೀಪಿಗೆ ಏರಿಸಿ ಆಗಿದೆ, ಪೈಪು ಮೇಲೆ ಕಟ್ಟಿದ್ದೇವೆ. ನಾಳೆ ಬೆಳಿಗ್ಗೆ ಕರೆಂಟ್ ಇದ್ದರೆ ಏಳು ಗಂಟೆಗೆ ಶುರು.