ರಾತ್ರಿ ಹತ್ತಕ್ಕೆ ನಾನೇ ಕಳಿಸುತ್ತಿದ್ದ ಹೋಮ್‌ವರ್ಕ್

ನಾನು ಪ್ರೌಢಶಾಲೆಯಲ್ಲಿ ಗಣಿತ ಟೀಚರ್. ಮಕ್ಕಳು ಮೊಬೈಲ್ ಬಿಟ್ಟಿರಲಾರರು ಅಂತ ಸ್ಟಾಫ್ ರೂಮಿನಲ್ಲಿ ಎಲ್ಲರಿಗಿಂತ ಜಾಸ್ತಿ ಬೇಸರ ಪಡುತ್ತಿದ್ದವಳು ನಾನೇ.

ಒಂಬತ್ತನೇ ತರಗತಿಯಲ್ಲಿ ಒಬ್ಬ ಹುಡುಗಿ ಇದ್ದಳು. ಜಾಣೆ. ಆದರೆ ಮೊದಲ ಪೀರಿಯಡ್‌ನಲ್ಲೇ ತೂಕಡಿಕೆ. ಲೆಕ್ಕದ ಮೂರನೇ ಸಾಲಿಗೆ ಬರುವಷ್ಟರಲ್ಲಿ ಮೊದಲ ಸಾಲು ಮರೆತಿರುತ್ತಿತ್ತು. ಒಂದು ದಿನ ತಾಳ್ಮೆ ಕೆಟ್ಟು, "ರಾತ್ರಿಯೆಲ್ಲ ಮೊಬೈಲ್ ನೋಡ್ತೀಯಾ?" ಅಂತ ಎಲ್ಲರ ಎದುರು ಗದರಿದೆ. ತಲೆ ತಗ್ಗಿಸಿದಳು.

ಮಧ್ಯಾಹ್ನ ಒಬ್ಬಳೇ ಬಂದಳು. "ಮಿಸ್, ನೀವು ಗ್ರೂಪ್‌ಗೆ ಲೆಕ್ಕ ಹಾಕೋದು ರಾತ್ರಿ ಹತ್ತಕ್ಕೆ. ಅದನ್ನ ಬರ್ಕೊಳ್ಳೋಕೆ ಫೋನ್ ತಗೋತೀನಿ. ಆಮೇಲೆ ಇಡೋಕೇ ಆಗಲ್ಲ."

ವಾಟ್ಸ್ಆ್ಯಪ್ ತೆಗೆದು ನೋಡಿದೆ. 9:50. 10:15. 10:05. ನನಗೆ ಬಿಡುವಾಗುತ್ತಿದ್ದದ್ದು ಆಗ, ಅಷ್ಟೇ. ಮಕ್ಕಳಿಗೆ ಅದು ಯಾವ ಹೊತ್ತು ಅಂತ ಯೋಚಿಸಿಯೇ ಇರಲಿಲ್ಲ.

ಈ ವಯಸ್ಸಿನಲ್ಲಿ ದೇಹದ ಗಡಿಯಾರವೇ ಹಿಂದಕ್ಕೆ ಸರಿಯುತ್ತದೆ, ನಿದ್ದೆ ತಡವಾಗಿ ಬರುತ್ತದೆ. ಅದರ ಮೇಲೆ ಪರದೆಯ ಬೆಳಕು ಬಿದ್ದರೆ ನಿದ್ದೆ ತರಿಸುವ ಮೆಲಟೋನಿನ್ ಇನ್ನೂ ಕಡಿಮೆಯಾಗುತ್ತದೆ. 13ರಿಂದ 18 ವರ್ಷದವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕು ಅಂತ ಅಮೆರಿಕದ ನಿದ್ರಾ ವೈದ್ಯರ ಸಂಸ್ಥೆ 2016ರಲ್ಲೇ ಹೇಳಿದೆ. ಹಗಲು ಕಲಿತದ್ದು ನೆನಪಿನಲ್ಲಿ ಗಟ್ಟಿಯಾಗುವುದೂ ನಿದ್ದೆಯಲ್ಲೇ. ನಾನು ತರಗತಿಯಲ್ಲಿ ಕಲಿಸಿದ್ದು ಉಳಿಯಬೇಕಾದ ಹೊತ್ತಿನಲ್ಲಿ ನಾನೇ ಅವರನ್ನು ಎಬ್ಬಿಸಿ ಕೂರಿಸುತ್ತಿದ್ದೆ, ಅಲ್ವಾ? ಇದು ನನ್ನನ್ನು ಬಹಳ ದಿನ ಕಾಡಿತು.

ಆಮೇಲೆ ಹೋಮ್‌ವರ್ಕ್ ಬೋರ್ಡಿನ ಮೇಲೆ ಮಾತ್ರ. ಬೆಲ್ ಹೊಡೆಯುವ ಐದು ನಿಮಿಷ ಮೊದಲೇ ಪಾಠ ನಿಲ್ಲಿಸಿ ಬರೆಸುತ್ತೇನೆ. ಪೋಷಕರ ಸಭೆಯಲ್ಲಿ, "ರಾತ್ರಿ ಓದೋಕೆ ಮೊಬೈಲ್ ಬೇಕು ಅಂತ ಮಕ್ಕಳು ಹೇಳಿದರೆ, ನನ್ನ ವಿಷಯಕ್ಕೆ ಬೇಡ" ಅಂತ ನೇರವಾಗಿ ಹೇಳಿದೆ. ಮಲಗುವ ಕೋಣೆಯ ಹೊರಗೆ ಚಾರ್ಜಿಗೆ ಹಾಕಿ, ನಿಮ್ಮದನ್ನೂ ಅಲ್ಲೇ ಇಡಿ ಅಂತಲೂ ಕೇಳಿಕೊಂಡೆ. ಕೆಲವರು ಒಪ್ಪಿದರು. ಕೆಲವರು ಸುಮ್ನೆ ತಲೆಯಾಡಿಸಿದರು.

ಎಲ್ಲರ ಚಟ ಬಿಟ್ಟುಹೋಗಿಲ್ಲ. ಗೇಮ್‌ಗೆ ಅಂಟಿಕೊಂಡ ಇಬ್ಬರು ಹುಡುಗರ ಬಗ್ಗೆ ನನಗೆ ಇವತ್ತಿಗೂ ಚಿಂತೆ ಇದೆ. ಅವರಿಗೆ ಆಪ್ತಸಮಾಲೋಚಕರ ನೆರವು ಕೊಡಿಸಿದ್ದೇವೆ. ಆದರೆ ಮೊದಲ ಪೀರಿಯಡ್‌ನಲ್ಲಿ ತೂಕಡಿಸುವವರು ಕಡಿಮೆಯಾಗಿದ್ದಾರೆ.

ಆ ಹುಡುಗಿಯ ಕ್ಷಮೆಯನ್ನು ತರಗತಿಯಲ್ಲೇ ಕೇಳಿದೆ. ಗದರಿದ್ದು ಎಲ್ಲರ ಎದುರಲ್ಲವೇ.