ಜನ ವೋಟು ಹಾಕಿ ಮುಗೀತಲ್ಲ, ಇನ್ನೂ ಯಾಕೆ ಜಗಳ?

ಇಂಗ್ಲೆಂಡಿನಿಂದ ಊರಿಗೆ ಬಂದಾಗಲೆಲ್ಲ ಬ್ರೆಕ್ಸಿಟ್, ಅಂದರೆ ಬ್ರಿಟನ್ ಐರೋಪ್ಯ ಒಕ್ಕೂಟ ಬಿಟ್ಟದ್ದರ ಬಗ್ಗೆ ಈ ಪ್ರಶ್ನೆ ಬಂದೇ ಬರುತ್ತದೆ. ಅರಸೀಕೆರೆಯಲ್ಲಿ ನಮ್ಮ ಸೋದರಮಾವ ಕಾಫಿ ಲೋಟ ಕೆಳಗಿಡುವ ಮುಂಚೆಯೇ ಶುರು ಮಾಡುತ್ತಾರೆ. "ಅಲ್ಲ ಕಣೋ, ಯುರೋಪ್ ಬಿಡಬೇಕೋ ಬೇಡ್ವೋ ಅಂತ ಜನರನ್ನೇ ಕೇಳಿದ್ರು. ಜನ ಬಿಡಿ ಅಂದ್ರು. ಬಿಟ್ಟೂ ಆಯ್ತು. ಇನ್ನೂ ಏನೋ ನಿಮ್ಮವರ ಗಲಾಟೆ?" ಬೆಂಗಳೂರಿನ ಗೆಳೆಯರೂ ಇದನ್ನೇ ಕೇಳುತ್ತಾರೆ, ಜೊತೆಗೆ ಇಂಗ್ಲೆಂಡಿನ ರಾಜಕಾರಣಿಗಳು ನಮ್ಮವರಿಗಿಂತ ಬುದ್ಧಿವಂತರು ಅಂದ್ಕೊಂಡಿದ್ವಲ್ಲ ಅಂತ ಒಂದು ಕೊಂಕು ಬೇರೆ. ಇಷ್ಟು ವರ್ಷ ಅರ್ಧಂಬರ್ಧ ಹೇಳಿ ತಪ್ಪಿಸಿಕೊಂಡಿದ್ದೇನೆ. ಈ ಸಲ ಕೂತು ಬರೆದುಬಿಡೋಣ ಅನ್ನಿಸಿತು.

ಮೊದಲೇ ಹೇಳಿಬಿಡುತ್ತೇನೆ, ಆ ವೋಟು ನಾನೂ ಹಾಕಿದ್ದೆ. 2016ರ ಜೂನ್ 23, ಗುರುವಾರ. ನಾನಿರುವುದು ಸ್ವಿಂಡನ್‌ನಲ್ಲಿ, ಲಂಡನ್‌ನಿಂದ ರೈಲಿನಲ್ಲಿ ಸುಮಾರು ಒಂದು ಗಂಟೆ. ಆಗ ಕೈಯಲ್ಲಿದ್ದದ್ದು ಭಾರತದ ಪಾಸ್‌ಪೋರ್ಟೇ. ಆದರೆ ಕಾಮನ್‌ವೆಲ್ತ್ ದೇಶದವರು ಬ್ರಿಟನ್‌ನಲ್ಲಿ ನೆಲೆಸಿದ್ದರೆ ವೋಟು ಹಾಕಬಹುದು. ಚರ್ಚ್‌ನ ಹಾಲ್‌ನಲ್ಲಿ ಮತಗಟ್ಟೆ. ಗುರುತಿನ ಚೀಟಿ ಕೇಳಲಿಲ್ಲ, ಆಗಿನ್ನೂ ಆ ನಿಯಮ ಬಂದಿರಲಿಲ್ಲ. ಹೆಸರು, ವಿಳಾಸ ಹೇಳಿದೆ. ವಯಸ್ಸಾದ ಹೆಂಗಸೊಬ್ಬರು ಸ್ಕೇಲ್ ಇಟ್ಟು ಪಟ್ಟಿಯಲ್ಲಿ ಗೆರೆ ಎಳೆದರು. ಬೆರಳಿಗೆ ಶಾಯಿ ಇಲ್ಲ, ಯಂತ್ರ ಇಲ್ಲ. ದಾರ ಕಟ್ಟಿದ ಒಂದು ಮೋಟು ಪೆನ್ಸಿಲ್. (ಪೆನ್ಸಿಲ್‌ನಲ್ಲಿ ಗುರುತು ಹಾಕಿದರೆ ಅಳಿಸಿಬಿಡ್ತಾರೆ, ಮನೆಯಿಂದಲೇ ಪೆನ್ ತಗೊಂಡು ಹೋಗಿ ಅಂತ ಆವತ್ತು ಒಂದು ಗುಲ್ಲು ಎದ್ದಿತ್ತು. ವಾಟ್ಸಾಪ್ ಯೂನಿವರ್ಸಿಟಿ ನಮ್ಮಲ್ಲಿ ಮಾತ್ರ ಇದೆ ಅಂದುಕೊಳ್ಳಬೇಡಿ.) ಪಕ್ಕದ ಮನೆಯ ಪೋಲೆಂಡಿನ ಹೆಂಗಸು ಹನ್ನೊಂದು ವರ್ಷದಿಂದ ಇದೇ ಊರಲ್ಲಿ ದುಡಿಯುತ್ತಿದ್ದರು, ಇಬ್ಬರು ಮಕ್ಕಳೂ ಇಲ್ಲೇ ಹುಟ್ಟಿದ್ದು. ಪೋಲೆಂಡ್ ಒಕ್ಕೂಟದ ದೇಶ, ಆದರೂ ಅವರಿಗೆ ವೋಟಿಲ್ಲ. ಯಾರ ಬದುಕು ಅಲ್ಲಾಡುತ್ತದೋ ಅವರು ಹೊರಗೆ, ಮೊನ್ನೆ ಮೊನ್ನೆ ಬಂದ ನಾನು ಒಳಗೆ.

ಚೀಟಿಯಲ್ಲಿ ಇದ್ದದ್ದು ಒಂದು ಪ್ರಶ್ನೆ, ಎರಡು ಚೌಕ. ಐರೋಪ್ಯ ಒಕ್ಕೂಟದಲ್ಲಿ ಇರಬೇಕೋ, ಬಿಡಬೇಕೋ. ಮಾವನಿಗೆ ನನ್ನ ಉತ್ತರ ಅಲ್ಲೇ ಇದೆ. ಬಿಡಬೇಕೋ ಅಂತ ಕೇಳಿದರು, ಬಿಟ್ಟು ಎಲ್ಲಿಗೆ ಅಂತ ಕೇಳಲೇ ಇಲ್ಲ. ನಾರ್ವೆ ತರಹ ಹೊರಗಿದ್ದುಕೊಂಡೇ ಯುರೋಪಿನ ಮಾರುಕಟ್ಟೆಯ ಒಳಗಿರುವುದೂ ‘ಬಿಡುವುದೇ’. ಟರ್ಕಿ ತರಹ ಸುಂಕದ ಮಟ್ಟಿಗೆ ಮಾತ್ರ ಕೈ ಜೋಡಿಸುವುದೂ ‘ಬಿಡುವುದೇ’. ಎಲ್ಲ ಹರಿದುಕೊಂಡು ಬರುವುದೂ ‘ಬಿಡುವುದೇ’. 1.74 ಕೋಟಿ ಜನ ಬಿಡೋಣ ಅಂದರು, 1.61 ಕೋಟಿ ಜನ ಇರೋಣ ಅಂದರು. ಶೇ 51.9ಕ್ಕೆ ಶೇ 48.1. ಆ 1.74 ಕೋಟಿಯಲ್ಲಿ ಯಾರು ಯಾವ ‘ಬಿಡುವುದಕ್ಕೆ’ ಹಾಕಿದರು ಅಂತ ಚೀಟಿ ಬಿಚ್ಚಿದರೆ ಗೊತ್ತಾಗುತ್ತದಾ?

ಗೊತ್ತಾಗುವುದಿಲ್ಲ. ಅದನ್ನು ಮರುದಿನವೇ ಒಪ್ಪಿಕೊಂಡು, ಬನ್ನಿ ಕೂತು ಮಾತಾಡೋಣ ಅಂದಿದ್ದರೆ ಇಷ್ಟು ರಾದ್ಧಾಂತ ಆಗುತ್ತಿರಲಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಆದರೆ ಮರುದಿನ ಬೆಳಿಗ್ಗೆ ಪ್ರಧಾನಿ ಡೇವಿಡ್ ಕ್ಯಾಮರಾನ್ ರಾಜೀನಾಮೆ ಅಂದುಬಿಟ್ಟರು. ಸ್ವಂತ ಪಕ್ಷದ ಒಳಜಗಳ ತಣಿಸಲು 2013ರಲ್ಲಿ ಈ ಜನಮತದ ಮಾತು ಕೊಟ್ಟವರೇ ಅವರು. ಜನ ಬಿಡಿ ಅಂದರೆ ಮುಂದೇನು ಅನ್ನುವುದಕ್ಕೆ ಅವರ ಸರ್ಕಾರ ಒಂದು ಹಾಳೆಯನ್ನೂ ತಯಾರು ಮಾಡಿಟ್ಟಿರಲಿಲ್ಲ. ಜುಲೈನಲ್ಲಿ, ಮುಂದಿನ ಪ್ರಧಾನಿ ಥೆರೇಸಾ ಮೇ ಅಂತ ಪತ್ರಕರ್ತರಿಗೆ ಹೇಳಿ ಒಳಗೆ ಹೋಗುವಾಗ ಏನೋ ಹಾಡು ಗುನುಗಿಕೊಂಡು ಹೋದರು. ಮೈಕ್ ಇನ್ನೂ ಆನ್ ಇತ್ತು. ಆ ಗುನುಗು ಕೇಳಿದಾಗ ನನಗೆ ಬಂದಷ್ಟು ಸಿಟ್ಟು ಫಲಿತಾಂಶ ನೋಡಿದಾಗಲೂ ಬಂದಿರಲಿಲ್ಲ.

ಪ್ರಚಾರದಲ್ಲೂ ಹಾಗೇ, ಒಂದೊಂದು ಜಗಲಿಗೆ ಒಂದೊಂದು ಮಾತು. ‘ಬಿಡೋಣ’ ಅನ್ನುವವರು ನಮ್ಮ ಕಡೆಯ ಊಟದ ‘ಕರಿ ಹೋಟೆಲ್’ ನಡೆಸುವವರ ಹತ್ತಿರ ಹೋಗಿ, ಒಕ್ಕೂಟ ಬಿಟ್ಟರೆ ದಕ್ಷಿಣ ಏಷ್ಯಾದಿಂದ ಅಡುಗೆಯವರನ್ನು ಕರೆಸಿಕೊಳ್ಳುವುದು ಸಲೀಸು ಅಂದರು. ಇತ್ತ ಅದೇ ‘ಬಿಡೋಣ’ ಕಡೆಯ ರಾಜಕಾರಣಿ ನೈಜೆಲ್ ಫರಾಜ್ ವಲಸಿಗರ ಉದ್ದ ಸಾಲಿನ ಫೋಟೋ ಇರುವ ದೊಡ್ಡ ಪೋಸ್ಟರ್ ಮುಂದೆ ನಿಂತು, ಬರುವವರನ್ನು ನಿಲ್ಲಿಸಬೇಕು ಅಂದರು. ಇಬ್ಬರೂ ಕೇಳಿದ್ದು ಅದೇ ಚೌಕಕ್ಕೆ ಗುರುತು. ಕೆಂಪು ಬಸ್ಸಿನ ಮೇಲೆ ವಾರಕ್ಕೆ 35 ಕೋಟಿ ಪೌಂಡ್ ಯುರೋಪಿಗೆ ಹೋಗುತ್ತಿದೆ, ಅದನ್ನು ಸರ್ಕಾರಿ ಆಸ್ಪತ್ರೆಗಳಿಗೆ ಹಾಕೋಣ ಅಂತ ಬರೆಸಿದ್ದರು. ವಾಪಸ್ ಬರುತ್ತಿದ್ದ ದುಡ್ಡನ್ನು ಆ ಲೆಕ್ಕದಲ್ಲಿ ಕಳೆದೇ ಇರಲಿಲ್ಲ. ‘ಇರೋಣ’ ಅಂದವರೂ ಸಾಚಾ ಏನಲ್ಲ. ಬಿಟ್ಟರೆ ನಾಳೆಯೇ ಆಕಾಶ ಕಳಚಿ ಬೀಳುತ್ತದೆ ಅಂತ ಹೆದರಿಸಿದರೇ ಹೊರತು, ಒಕ್ಕೂಟದಲ್ಲಿ ಇರುವುದು ಯಾಕೆ ಒಳ್ಳೆಯದು ಅಂತ ಮನಸ್ಸಿಟ್ಟು ಹೇಳಿದವರು ಕಡಿಮೆ. ಲೇಬರ್ ಪಕ್ಷದ ನಾಯಕ ಜೆರೆಮಿ ಕಾರ್ಬಿನ್ ಅವರನ್ನು ಟಿವಿಯಲ್ಲಿ ಯುರೋಪಿನ ಬಗ್ಗೆ ಹತ್ತಕ್ಕೆ ಎಷ್ಟು ಉತ್ಸಾಹ ಅಂತ ಕೇಳಿದರೆ ಏಳು, ಏಳೂವರೆ ಅಂದರು. ಬೋರಿಸ್ ಜಾನ್ಸನ್ ಅಂತೂ ಯಾವ ಕಡೆ ನಿಲ್ಲಬೇಕು ಅಂತ ಆರಿಸುವ ಮುಂಚೆ ಎರಡು ಲೇಖನ ಬರೆದಿಟ್ಟುಕೊಂಡಿದ್ದರು, ಒಂದು ಬಿಡುವುದರ ಪರ, ಇನ್ನೊಂದು ಇರುವುದರ ಪರ. ನಮ್ಮ ಕಡೆ ಎರಡೂ ಪಕ್ಷದ ಟಿಕೆಟ್‌ಗೆ ಅರ್ಜಿ ಹಾಕಿಟ್ಟಿರುತ್ತಾರಲ್ಲ, ಹಾಗೆ.

ಈಗ ಐರ್ಲೆಂಡ್ ವಿಷಯ. ಮಾವನಿಗೆ ಇದು ಬೇಗ ಅರ್ಥವಾಗುತ್ತದೆ. ಊರಲ್ಲಿ ಅಣ್ಣತಮ್ಮಂದಿರು ಪಾಲಾಗುವಾಗ ಬಾವಿ ಯಾರಿಗೆ, ಗಾಡಿ ದಾರಿ ಎಲ್ಲಿ ಅಂತ ಪಂಚಾಯ್ತಿಯವರು ಮೊದಲೇ ಬರೆಸುತ್ತಾರೆ. ಇಲ್ಲಿ ಬರೆಸಲಿಲ್ಲ. ಉತ್ತರ ಐರ್ಲೆಂಡ್ ಬ್ರಿಟನ್‌ಗೆ ಸೇರಿದ್ದು, ಐರ್ಲೆಂಡ್ ಒಕ್ಕೂಟದಲ್ಲೇ ಉಳಿಯುವ ಬೇರೆ ದೇಶ. ಮಧ್ಯೆ ಸುಮಾರು 500 ಕಿ.ಮೀ. ಗಡಿ. ದಶಕಗಳ ರಕ್ತಪಾತ ನಿಲ್ಲಿಸಿದ 1998ರ ಒಪ್ಪಂದದ ನಂತರ ಆ ಗಡಿಯಲ್ಲಿ ಸೈನಿಕರ ತಪಾಸಣೆ ಹೋಗಿ, ಜನ ಹಾಲು ತರಲು ಹೋದಷ್ಟು ಸಲೀಸಾಗಿ ಓಡಾಡುತ್ತಾರೆ. ಸುಂಕ, ತಪಾಸಣೆ ಬೇಕು ಅಂದರೆ ಗೇಟ್ ಎಲ್ಲಾದರೂ ಇಡಲೇಬೇಕಲ್ಲ. ನೆಲದ ಮೇಲೆ ಇಟ್ಟರೆ ಹಳೆಯ ಗಾಯ ಕೆರೆದ ಹಾಗೆ. ಸಮುದ್ರದಲ್ಲಿ ಇಟ್ಟರೆ ಒಂದೇ ದೇಶದ ಎರಡು ತುಂಡಿನ ನಡುವೆ ಗೇಟ್.

ಥೆರೇಸಾ ಮೇ ಇದರಲ್ಲೇ ಸಿಕ್ಕಿಹಾಕಿಕೊಂಡರು. 2017ರಲ್ಲಿ ಅವಸರದ ಚುನಾವಣೆ ಮಾಡಿ ಇದ್ದ ಬಹುಮತವನ್ನೂ ಕಳೆದುಕೊಂಡು, ಉತ್ತರ ಐರ್ಲೆಂಡಿನದೇ ಒಂದು ಪಕ್ಷದ ಹತ್ತು ಸಂಸದರ ಹೆಗಲ ಮೇಲೆ ಸರ್ಕಾರ ನಡೆಸಿದರು. 2019ರ ಜನವರಿ 15ರಂದು, ಬಿಡುವ ಬಗ್ಗೆ ಒಕ್ಕೂಟದ ಜೊತೆ ಅವರು ಮಾಡಿಕೊಂಡಿದ್ದ ಒಪ್ಪಂದ ಪಾರ್ಲಿಮೆಂಟ್‌ನಲ್ಲಿ 432ಕ್ಕೆ 202 ಅಂತರದಲ್ಲಿ ಬಿತ್ತು. ಮತ್ತೆ ಎರಡು ಸಲ ತಂದರು, ಮತ್ತೆ ಬಿತ್ತು. ಈ ಮಧ್ಯೆ, ನಮಗೇನು ಬೇಕು ನಾವೇ ಹೇಳೋಣ ಅಂತ ಮಾರ್ಚ್ ಕೊನೆಯಲ್ಲಿ ಸಂಸದರೇ ಎಂಟು ದಾರಿಯನ್ನು ವೋಟಿಗೆ ಇಟ್ಟರು. ಎಂಟೂ ಬೇಡ ಅಂದರು. ಏಪ್ರಿಲ್ 1ರಂದು (ದಿನ ನೋಡಿ ಇಟ್ಟ ಹಾಗಿತ್ತು) ನಾಲ್ಕು ಇಟ್ಟರು. ನಾಲ್ಕೂ ಬೇಡ. ಅದರಲ್ಲಿ ಸುಂಕದ ಒಕ್ಕೂಟದಲ್ಲಿ ಉಳಿಯೋಣ ಅನ್ನುವುದು ಸೋತದ್ದು ಬರೀ ಮೂರು ವೋಟಿನಿಂದ, 273ಕ್ಕೆ 276. ಆ ರಾತ್ರಿ ನಾನು ಟಿವಿ ಮುಂದೆ ಮೊಸರನ್ನದ ತಟ್ಟೆ ಹಿಡಿದು ಕೂತಿದ್ದೆ, ಕೈ ಒಣಗಿದ್ದೇ ಗೊತ್ತಾಗಲಿಲ್ಲ. ಮೆತ್ತಗೆ ಹೋಗೋಣ ಅನ್ನುವ ದಾರಿ ಮುಚ್ಚಿದ್ದು ಅಲ್ಲೇ ಅಂತ ನನಗೆ ಈಗಲೂ ಅನ್ನಿಸುತ್ತದೆ. ಎರಡನೇ ಜನಮತ ಬೇಕು ಅನ್ನುವವರು ಮೆತ್ತಗಿನ ದಾರಿಗೆ ಒಪ್ಪಲಿಲ್ಲ, ಕತ್ತರಿಸಿಬಿಡೋಣ ಅನ್ನುವವರಂತೂ ಒಪ್ಪುವುದೇ ಇಲ್ಲ, ಇಬ್ಬರೂ ಸೇರಿ ನಡುವಿನದನ್ನು ಮುಗಿಸಿದರು.

ಆಮೇಲಿನದು, ಮೇ ಜಾಗಕ್ಕೆ ಪ್ರಧಾನಿಯಾಗಿ ಬಂದ ಜಾನ್ಸನ್ ಆಟ. ಪಾರ್ಲಿಮೆಂಟನ್ನೇ ಐದು ವಾರ ಮುಚ್ಚಿಸಲು ಹೋದರು. ಅದು ಕಾನೂನುಬಾಹಿರ ಅಂತ ಸುಪ್ರೀಂ ಕೋರ್ಟಿನ 11 ನ್ಯಾಯಮೂರ್ತಿಗಳೂ ಒಮ್ಮತದಿಂದ ಹೇಳಿದರು. ಆದರೂ ಡಿಸೆಂಬರ್ ಚುನಾವಣೆಯಲ್ಲಿ 80 ಸೀಟಿನ ಬಹುಮತ ಬಂತು, ಯಾಕಂದರೆ ಜನಕ್ಕೆ ಅಷ್ಟೊತ್ತಿಗೆ ಸಾಕಾಗಿಹೋಗಿತ್ತು. ಸಮುದ್ರದಲ್ಲಿ ಗೇಟ್ ಇಡುವುದಿಲ್ಲ, ಯಾರಾದರೂ ಫಾರಂ ತುಂಬಿ ಅಂದರೆ ನನಗೆ ಫೋನ್ ಮಾಡಿ, ಆ ಫಾರಂ ಕಸದ ಬುಟ್ಟಿಗೆ ಹಾಕಿಸ್ತೀನಿ ಅಂತ ಉತ್ತರ ಐರ್ಲೆಂಡಿನ ವ್ಯಾಪಾರಿಗಳಿಗೆ ಮಾತು ಕೊಟ್ಟಿದ್ದರು. 2021ರ ಜನವರಿಯಿಂದ ಫಾರಂ ಬಂದೇ ಬಂತು.

ನಮ್ಮ ಬೆಂಗಳೂರಿನ ಅಳಿಯ ರಿಷಿ ಸುನಕ್ ಬಗ್ಗೆ ಮಾವನಿಗೆ ವಿಶೇಷ ಅಕ್ಕರೆ, ಹಾಗಾಗಿ ಇದನ್ನು ಹೇಳಲೇಬೇಕು. ಅವರು ಮೊದಲಿಂದಲೂ ‘ಬಿಡೋಣ’ ಕಡೆಯವರು. 2023ರ ಫೆಬ್ರುವರಿಯಲ್ಲಿ ಆ ಫಾರಂ ಗೋಜಲನ್ನು ಅಷ್ಟಿಷ್ಟು ಬಿಡಿಸಿ, ಮರುದಿನ ಉತ್ತರ ಐರ್ಲೆಂಡಿಗೆ ಹೋಗಿ, ಬ್ರಿಟನ್ ಮಾರುಕಟ್ಟೆಯೂ ಯುರೋಪ್ ಮಾರುಕಟ್ಟೆಯೂ ಎರಡೂ ನಿಮ್ಮ ಕೈಲಿದೆ, ಇಂಥ ಅದೃಷ್ಟ ಜಗತ್ತಲ್ಲಿ ಇನ್ಯಾರಿಗೂ ಇಲ್ಲ ಅಂತ ಹುರುಪಿನಿಂದ ಹೇಳಿದರು. 2016ರಲ್ಲಿ ಅದು ಇಡೀ ದೇಶಕ್ಕೇ ಇತ್ತಲ್ಲ ಸ್ವಾಮಿ!

ಕನ್ನಡಿಗರೆಲ್ಲ ಒಂದೇ ಕಡೆ ಇದ್ದರು ಅಂದುಕೊಳ್ಳಬೇಡಿ. ನಾನು ಇರೋಣಕ್ಕೆ ಹಾಕಿದೆ. ನನ್ನ ಜೊತೆ ಕೆಲಸ ಮಾಡುತ್ತಿದ್ದ ದಾವಣಗೆರೆಯವರು ಬಿಡೋಣಕ್ಕೆ ಹಾಕಿದರು. ವೀಸಾಕ್ಕೆ ಸಾವಿರಾರು ಪೌಂಡ್ ಸುರಿದು, ವರ್ಷಗಟ್ಟಲೆ ಕಾದು ಬಂದವರು ಅವರು. ಯುರೋಪಿನವರು ಬಸ್ ಹತ್ತಿ ಬಂದುಬಿಡ್ತಾರೆ, ಇದ್ಯಾವ ನ್ಯಾಯ ಅನ್ನುತ್ತಿದ್ದರು. ಒಂದು ರೀತಿಯಲ್ಲಿ ಅವರೇ ಗೆದ್ದರು. 2021ರಿಂದ ಎಲ್ಲರಿಗೂ ಒಂದೇ ವೀಸಾ ನಿಯಮ, ಯುರೋಪಿನಿಂದ ಬರುವವರು ಕಡಿಮೆಯಾಗಿ ಭಾರತದಿಂದ ಬರುವವರು ಜಾಸ್ತಿಯಾದರು. ಆದರೆ ವಲಸೆ ಬರುವವರ ಸಂಖ್ಯೆ ಇಳಿಯುತ್ತದೆ ಅಂದುಕೊಂಡು ವೋಟು ಹಾಕಿದವರಿಗೆ ಈಗ ನಮ್ಮ ಮೇಲೆಯೇ ಕಣ್ಣು. ಸ್ವಿಂಡನ್‌ನ ಹೋಂಡಾ ಕಾರ್ಖಾನೆ 2021ರ ಜುಲೈನಲ್ಲಿ ಮುಚ್ಚಿತು. ಬ್ರೆಕ್ಸಿಟ್‌ಗೂ ಇದಕ್ಕೂ ಸಂಬಂಧ ಇಲ್ಲ ಅಂತ ಕಂಪನಿ ಹೇಳಿತು. ಕಟಿಂಗ್ ಶಾಪ್‌ನಲ್ಲಿ ಕೂತರೆ ಸಂಬಂಧ ಇದೆ, ಇಲ್ಲ ಅಂತ ಈಗಲೂ ವಾದ ನಡೆಯುತ್ತದೆ.

ಪಕ್ಕದ ಮನೆಯ ಪೋಲೆಂಡಿನ ಹೆಂಗಸು ಈಗ ಬ್ರಿಟಿಷ್ ಪ್ರಜೆ. 2024ರ ಜುಲೈ ಚುನಾವಣೆಯಲ್ಲಿ ಅವರದು ಮೊದಲ ವೋಟು. ಹಿಂದಿನ ದಿನ ಬಾಗಿಲ ಸಂದಿಯಲ್ಲಿ ಬಿದ್ದಿದ್ದ ಕರಪತ್ರಗಳನ್ನೆಲ್ಲ ತಂದು ನಮ್ಮ ಊಟದ ಮೇಜಿನ ಮೇಲೆ ಹರಡಿದರು. ರಸ್ತೆ ಗುಂಡಿ, ಡಾಕ್ಟರ್ ಅಪಾಯಿಂಟ್‌ಮೆಂಟ್, ಕರೆಂಟ್ ಬಿಲ್ಲು ಎಲ್ಲ ಇತ್ತು. ಯುರೋಪ್ ಅನ್ನುವ ಪದ ಹುಡುಕಿದೆವು. ಕನ್ನಡಕ ಹಾಕಿಕೊಂಡು ಇನ್ನೊಮ್ಮೆ ನೋಡಿದರು, ಹಿಂದುಮುಂದು ತಿರುಗಿಸಿದರು. ಎಲ್ಲೂ ಇರಲಿಲ್ಲ. "ಎಂಟು ವರ್ಷ ಇದೊಂದೇ ಮಾತಾಡಿದ್ರಲ್ಲ" ಅಂದು, ಕರಪತ್ರಗಳನ್ನು ಜೋಡಿಸಿ ರೀಸೈಕಲ್ ಡಬ್ಬಿಗೆ ಹಾಕಿ, ನಾಳೆ ಬೂತಿಗೆ ಯಾವ ಗುರುತಿನ ಚೀಟಿ ತರಬೇಕು ಅಂತ ಕೇಳಿದರು.